ಕಾರ್ಗಿಲ್ ಕಂಡ ಅಪ್ಪನಿಗೆ ನಿದ್ದೆಮಾತ್ರೆಯಷ್ಟೇ ಚಿಕಿತ್ಸೆಯೇ?

ಪ್ರಶ್ನೆ: ನನ್ನ ತಂದೆ ಭೂಸೇನೆಯಲ್ಲಿ 24 ವರ್ಷ ಇದ್ದು, 2009ರಲ್ಲಿ ಸುಬೇದಾರರಾಗಿ ನಿವೃತ್ತರಾದವರು. 1999ರಲ್ಲಿ ಅವರ ಪಲ್ಟನ್ ಕಾರ್ಗಿಲ್‌ನಲ್ಲಿತ್ತು. ಜೊತೆಗಿದ್ದ ಇಬ್ಬರನ್ನು ಅವರು ಅಲ್ಲಿ ಕಳೆದುಕೊಂಡರು ಎಂಬುದಷ್ಟೇ ನಮಗೆ ಗೊತ್ತು. ನಿವೃತ್ತಿಯ ಬಳಿಕ ಮಂಗಳೂರಿನ ಒಂದು ಸಂಸ್ಥೆಯಲ್ಲಿ ಭದ್ರತಾ ಅಧಿಕಾರಿಯಾಗಿದ್ದರು. ಆ ಕೆಲಸ ಬಿಟ್ಟು ಕಾರ್ಕಳ ಸಮೀಪದ ಮನೆಯಲ್ಲಿ ನೆಲೆಸಿದ ಮೇಲೆ ರಾತ್ರಿ ಕೂಗಿಕೊಂಡು ಏಳುತ್ತಾರೆ, ಬಾಗಿಲ ಚಿಲಕವನ್ನು ಮತ್ತೆ ಮತ್ತೆ ನೋಡುತ್ತಾರೆ, ಜಾತ್ರೆಯಲ್ಲಿ ಗರ್ನಾಲ್ ಸಿಡಿಸುವ ದಿನ ಕೋಣೆಯಿಂದ ಹೊರಬರುವುದಿಲ್ಲ. ಮಿಲಿಟರಿ ಕ್ಯಾಂಟೀನಿನಿಂದ ತಂದ ಮದ್ಯ ಸಂಜೆ ಆರಕ್ಕೇ ಶುರುವಾಗುತ್ತದೆ. ಮೂರು ವರ್ಷಗಳಿಂದ ಒಬ್ಬ ವೈದ್ಯರು ಕ್ಲೋನಜೆಪಾಮ್ ಬರೆದುಕೊಡುತ್ತಿದ್ದಾರೆ. ಭೇಟಿ ಐದು ನಿಮಿಷದಲ್ಲಿ ಮುಗಿಯುತ್ತದೆ. ತಾಯಿ ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿ, ಹೇಳಿದ ಪರಿಹಾರವನ್ನೂ ಮಾಡಿಸಿದ್ದಾರೆ. ‘ನನಗೇನು ಹುಚ್ಚೇ?’ ಎಂದು ತಂದೆ ದೊಡ್ಡ ಆಸ್ಪತ್ರೆಗೆ ಬರಲು ಒಪ್ಪುವುದಿಲ್ಲ. ಈಗ ಸಿಗುತ್ತಿರುವ ಚಿಕಿತ್ಸೆ ಸರಿಯೇ? ಒಳ್ಳೆಯ ಚಿಕಿತ್ಸೆ ಎಂದರೆ ಯಾವುದು? ಅದು ನಮ್ಮ ಕಡೆಯೇ ಸಿಗುತ್ತದೆಯೇ, ಬೆಂಗಳೂರಿಗೆ ಹೋಗಬೇಕೇ?
— ಓದುಗರು, ಕಾರ್ಕಳ ತಾಲೂಕು

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ. ನೀವು ಬರೆದಿರುವುದೆಲ್ಲ ಹಾಗೆಯೇ ಇದ್ದರೆ ಈ ಚಿಕಿತ್ಸೆ ಸಾಲದು. ಕ್ಲೋನಜೆಪಾಮ್ ಬೆಂಜೋಡಯಾಜೆಪೀನ್ ಗುಂಪಿನ ಔಷಧ. ಕೆಲವು ದಿನಗಳ ಮಟ್ಟಿಗೆ ಅದಕ್ಕೆ ಉಪಯೋಗವಿದೆ. ಆದರೆ ಯುದ್ಧದ ಆಘಾತದಿಂದ ಉಂಟಾದ ತೊಂದರೆಯ ಮೂಲವನ್ನು ಅದು ಮುಟ್ಟುವುದಿಲ್ಲ, ವರ್ಷಗಟ್ಟಲೆ ತೆಗೆದುಕೊಂಡರೆ ದೇಹ ಅದಕ್ಕೆ ಒಗ್ಗಿಹೋಗುತ್ತದೆ, ಮದ್ಯದ ಜೊತೆ ಸೇರಿದರೆ ಉಸಿರಾಟವನ್ನೇ ಕುಗ್ಗಿಸಬಲ್ಲದು. ಅಮೆರಿಕದ ಮಾಜಿ ಸೈನಿಕರ ಇಲಾಖೆ ಮತ್ತು ರಕ್ಷಣಾ ಇಲಾಖೆಗಳು ಜಂಟಿಯಾಗಿ 2023ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ಆಘಾತೋತ್ತರ ಒತ್ತಡದ ಕಾಯಿಲೆಗೆ ಈ ಗುಂಪಿನ ಮಾತ್ರೆಗಳನ್ನು ಕೊಡಬಾರದೆಂದೇ ಹೇಳುತ್ತದೆ. ಹಾಗೆಂದು ಇದನ್ನು ಓದಿ ನಾಳೆಯಿಂದಲೇ ಮಾತ್ರೆ ನಿಲ್ಲಿಸಬೇಡಿ. ಮೂರು ವರ್ಷ ತೆಗೆದುಕೊಂಡ ಕ್ಲೋನಜೆಪಾಮ್ ಅನ್ನು ಥಟ್ಟನೆ ಬಿಟ್ಟರೆ ಅಪಸ್ಮಾರದಂತಹ ಸೆಳೆತ ಬರಬಹುದು. ವೈದ್ಯರ ನಿಗಾದಲ್ಲಿ ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕಾಗುತ್ತದೆ.

ಪತ್ರ ಓದಿ ಕಾಯಿಲೆಗೆ ಹೆಸರಿಡುವುದು ಸರಿಯಲ್ಲ. ಆದರೂ ನೀವು ವಿವರಿಸಿದ ಲಕ್ಷಣಗಳನ್ನು ಕಂಡ ಯಾವುದೇ ಮನೋವೈದ್ಯರು ಆಘಾತೋತ್ತರ ಒತ್ತಡದ ಕಾಯಿಲೆಯನ್ನು, ಅಂದರೆ ಪಿಟಿಎಸ್‌ಡಿಯನ್ನು, ಮೊದಲು ಪರಿಶೀಲಿಸಲೇಬೇಕು. ವಿಯೆಟ್ನಾಂ ಯುದ್ಧದಿಂದ ಮರಳಿದವರ ಅನುಭವದ ಒತ್ತಡವೂ ಸೇರಿ, 1980ರಲ್ಲಿ ಈ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಬಂತು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಇದನ್ನು ಮೂರು ಗುರುತುಗಳಿಂದ ಪತ್ತೆಹಚ್ಚುತ್ತದೆ: ಆದದ್ದು ಈಗಲೇ ಮತ್ತೆ ಆಗುತ್ತಿದೆ ಎನಿಸುವಂತೆ ಕನಸಿನಲ್ಲೋ ಎಚ್ಚರದಲ್ಲೋ ಮರಳಿ ಬರುವುದು, ಅದನ್ನು ನೆನಪಿಸುವ ಎಲ್ಲದರಿಂದ ದೂರ ಉಳಿಯುವುದು, ಮತ್ತು ಅಪಾಯ ಇನ್ನೂ ಬಾಗಿಲ ಹೊರಗೇ ನಿಂತಿದೆ ಎಂಬಂತೆ ಸದಾ ಎಚ್ಚರವಾಗಿರುವುದು. ಇವು ಹಲವು ವಾರ ಉಳಿದು, ದಿನನಿತ್ಯದ ಬದುಕನ್ನು ಕೆಡಿಸಿರಬೇಕು. ಕೂಗಿಕೊಂಡು ಏಳುವುದು, ಜಾತ್ರೆಯ ದಿನದ ಕೋಣೆ, ಚಿಲಕ ಇವು ಮೂರೂ ನಿಮ್ಮ ಪತ್ರದಲ್ಲಿವೆ.

ಇಷ್ಟು ವರ್ಷಗಳ ಮೇಲೆ ಏಕೆ ಎಂದು ನೀವು ಕೇಳಿಲ್ಲ, ಆದರೆ ಮನೆಯವರಿಗೆ ಇದು ಕಾಡಿಯೇ ಕಾಡುತ್ತದೆ. ಪಲ್ಟನ್ನಿನ ದಿನಚರಿ, ಬಳಿಕ ಭದ್ರತಾ ಕೆಲಸದ ಪಾಳಿ, ಇವು ನೆನಪುಗಳಿಗೆ ಬಿಡುವೇ ಕೊಡದಂತೆ ಮನುಷ್ಯನನ್ನು ಹಿಡಿದಿಡುತ್ತವೆ. ರಾತ್ರಿ ಎಚ್ಚರವಾಗಿರುವುದು, ಗೇಟನ್ನು ಮತ್ತೆ ಮತ್ತೆ ಪರೀಕ್ಷಿಸುವುದು ಭದ್ರತಾ ಅಧಿಕಾರಿಗೆ ಗುಣವಾಗಿಯೇ ಕಾಣುತ್ತದೆ. ಕೆಲಸ ನಿಂತು ದಿನ ಖಾಲಿಯಾದಾಗ, ಅಥವಾ ಸಂಗಾತಿಯ ಮರಣ, ಹೃದಯಾಘಾತದಂತಹ ಘಟನೆ ನಡೆದಾಗ, ಒಳಗೆ ಇದ್ದದ್ದು ಹೊರಗೆ ಬರುತ್ತದೆ. ವಯಸ್ಸಾದ ಮಾಜಿ ಸೈನಿಕರಲ್ಲಿ ಇದು ಅಪರೂಪವಲ್ಲ.

ಒಳ್ಳೆಯ ಚಿಕಿತ್ಸೆಯ ಮೊದಲ ಗುರುತು, ವೈದ್ಯರು ಕೇಳುವ ಪ್ರಶ್ನೆಗಳಲ್ಲೇ ಸಿಗುತ್ತದೆ. ಯಾವ ವರ್ಷ ಎಲ್ಲಿದ್ದಿರಿ, ಏನು ಕಂಡಿರಿ, ಶೆಲ್ ಹತ್ತಿರದಲ್ಲಿ ಸಿಡಿದು ಪ್ರಜ್ಞೆ ತಪ್ಪಿತ್ತೇ, ಕಿವಿ ಈಗಲೂ ಗುಂಯ್ ಎನ್ನುತ್ತದೆಯೇ ಎಂದು ಯಾರೂ ಕೇಳದೆ ಮೂರು ವರ್ಷ ಕಳೆದಿದ್ದರೆ, ನಿಮ್ಮ ತಂದೆಯವರ ನಿದ್ರಾಹೀನತೆಗೆ ಚಿಕಿತ್ಸೆಯಾಗಿದೆ, ಅವರಿಗೆ ಆಗಿಲ್ಲ. ತಲೆಗೆ ಬಿದ್ದ ಹಳೆಯ ಪೆಟ್ಟು, ಖಿನ್ನತೆ, ಥೈರಾಯಿಡ್, ನಿದ್ದೆಯಲ್ಲಿ ಉಸಿರುಗಟ್ಟುವ ಕಾಯಿಲೆ ಇವೆಲ್ಲ ಇದೇ ಚಿತ್ರವನ್ನು ತೋರಬಲ್ಲವು ಅಥವಾ ಇದರ ಜೊತೆಗೇ ಇರಬಲ್ಲವು. ಅವರು ಜೋರಾಗಿ ಗೊರಕೆ ಹೊಡೆಯುವವರಾಗಿದ್ದು, ನಡುವೆ ಉಸಿರು ನಿಂತಂತೆ ಆಗುತ್ತದೆ ಎಂದು ತಾಯಿಯವರು ಹೇಳಿದರೆ, ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಅಂಥವರಿಗೆ ಕ್ಲೋನಜೆಪಾಮ್ ಇನ್ನಷ್ಟು ಕೆಟ್ಟದ್ದು.

ಎರಡನೆಯ ಗುರುತು ಅಳತೆ. ಪಿಸಿಎಲ್-5 ಎಂಬ 20 ಪ್ರಶ್ನೆಗಳ ಪಟ್ಟಿಯೊಂದಿದೆ. ಹಣ ಕೊಡದೆ ಯಾವ ಚಿಕಿತ್ಸಕರಾದರೂ ಬಳಸಬಹುದು. ಒಟ್ಟು 80 ಅಂಕಗಳಲ್ಲಿ 31ರಿಂದ 33ರ ಆಸುಪಾಸು ಅಥವಾ ಅದಕ್ಕೂ ಮೇಲೆ ಬಂದರೆ ಪಿಟಿಎಸ್‌ಡಿ ಇರುವ ಸಾಧ್ಯತೆ ಹೆಚ್ಚೆಂದು ತಿಳಿದು ವಿವರವಾಗಿ ಪರೀಕ್ಷಿಸುತ್ತಾರೆ. ರಕ್ತದೊತ್ತಡ ಅಳೆಯದೆ ಅದರ ಮಾತ್ರೆ ಮುಂದುವರಿಸುವ ವೈದ್ಯರನ್ನು ನಾವು ಒಪ್ಪುವುದಿಲ್ಲ. ಮನಸ್ಸಿನ ವಿಷಯ ಬಂದಾಗ ಮಾತ್ರ ‘ಹೇಗಿದ್ದೀರಿ?’, ‘ಪರವಾಗಿಲ್ಲ ಸರ್’ ಎಂಬ ಎರಡು ಮಾತಿನಲ್ಲಿ ಭೇಟಿ ಮುಗಿದರೂ ಸುಮ್ಮನಿರುತ್ತೇವೆ. ಮಿಲಿಟರಿಯಲ್ಲಿದ್ದವರು ಮೇಲಿನವರ ಮುಂದೆ ‘ಪರವಾಗಿಲ್ಲ’ ಎಂದೇ ಹೇಳುತ್ತಾರೆ ಎಂಬುದನ್ನು ವೈದ್ಯರು ಬಲ್ಲವರಾಗಿರಬೇಕು.

ಇನ್ನು ಚಿಕಿತ್ಸೆಯ ವಿಷಯ. ಈ ಕಾಯಿಲೆಗೆ ಮೊದಲ ಆಯ್ಕೆ ಮಾತ್ರೆಯಲ್ಲ, ಆಘಾತವನ್ನೇ ಕೇಂದ್ರವಾಗಿಟ್ಟುಕೊಂಡ ಮನೋಚಿಕಿತ್ಸೆ. ಮೇಲೆ ಹೇಳಿದ ಮಾರ್ಗಸೂಚಿ ಅಂಥ ಮೂರನ್ನು ಮುಖ್ಯವಾಗಿ ಹೆಸರಿಸುತ್ತದೆ. ಒಂದು, ಎಡ್ನಾ ಫೋವಾ ರೂಪಿಸಿದ ದೀರ್ಘ ಎದುರಿಸುವಿಕೆಯ ಚಿಕಿತ್ಸೆ (ಪ್ರೊಲಾಂಗ್ಡ್ ಎಕ್ಸ್‌ಪೋಶರ್). ಸಾಮಾನ್ಯವಾಗಿ 8ರಿಂದ 15 ಬೈಠಕ್‌ಗಳು, ಒಂದೊಂದೂ ಸುಮಾರು 90 ನಿಮಿಷ. ಇದರಲ್ಲಿ ರೋಗಿಯು ಆ ಘಟನೆಯನ್ನು ಕಣ್ಣು ಮುಚ್ಚಿ, ಈಗ ನಡೆಯುತ್ತಿರುವಂತೆ, ಬಾಯಿಬಿಟ್ಟು ಹೇಳುತ್ತಾರೆ; ಅದರ ಧ್ವನಿಮುದ್ರಣವನ್ನು ಮನೆಯಲ್ಲಿ ಕೇಳುತ್ತಾರೆ. ಜೊತೆಗೆ, ತಪ್ಪಿಸಿಕೊಳ್ಳುತ್ತಿದ್ದ ಸ್ಥಳಗಳಿಗೆ ಹಂತ ಹಂತವಾಗಿ ಹೋಗುತ್ತಾರೆ. ನಿಮ್ಮ ತಂದೆಯವರ ಮಟ್ಟಿಗೆ ಆ ಏಣಿ ಜನ ಕಡಿಮೆ ಇರುವ ಹೊತ್ತಿನ ಕಾರ್ಕಳದ ಪೇಟೆಯಲ್ಲಿ ಆರಂಭವಾಗಿ, ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಸಂಜೆಯ ಗದ್ದಲದ ಮೂಲಕ, ಎಷ್ಟೋ ವಾರಗಳ ಮೇಲೆ ದೇವಸ್ಥಾನದ ಗದ್ದೆಯಂಚಿನಲ್ಲಿ ನಿಂತು ಗರ್ನಾಲ್ ಸದ್ದು ಕೇಳುವವರೆಗೆ ಹೋಗಬಹುದು. ಯಾವ ಮೆಟ್ಟಿಲು ಮೊದಲು, ಯಾವುದು ಅನಂತರ ಎಂದು ನಿರ್ಧರಿಸುವವರು ಅವರೇ. ಮನೆಯವರು ‘ಧೈರ್ಯ ಬರಲಿ’ ಎಂದು ಕೈ ಹಿಡಿದು ಜಾತ್ರೆಗೆ ಎಳೆದೊಯ್ಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಹಾಗೆ ಮಾಡಬೇಡಿ.

ಎರಡನೆಯದು ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ (ಸಿಪಿಟಿ), ಪೆಟ್ರೀಷಿಯಾ ರೆಸಿಕ್ ರೂಪಿಸಿದ್ದು, ಸುಮಾರು 12 ಬೈಠಕ್‌ಗಳದ್ದು. ಇಲ್ಲಿ ಘಟನೆಯನ್ನು ವಿವರವಾಗಿ ಹೇಳಲೇಬೇಕೆಂದಿಲ್ಲ. ಘಟನೆಯ ಬಗ್ಗೆ ಮನಸ್ಸು ಕಟ್ಟಿಕೊಂಡ ತೀರ್ಮಾನಗಳನ್ನು ಬರೆದು, ಒಂದೊಂದನ್ನೂ ಪರೀಕ್ಷೆಗೆ ಒಡ್ಡುತ್ತಾರೆ. ‘ಆ ದಿನ ಮುಂದೆ ಹೋಗಬೇಕಾದವನು ನಾನು, ಹೋದವನು ಅವನು’ ಎಂಬಂತಹ ಮಾತು ಇಪ್ಪತ್ತೈದು ವರ್ಷ ಒಳಗೇ ಕೊಳೆಯುವುದುಂಟು. ಜೊತೆಗಾರರನ್ನು ಕಳೆದುಕೊಂಡವರಲ್ಲಿ ಭಯಕ್ಕಿಂತ ಈ ತಪ್ಪಿತಸ್ಥ ಭಾವವೇ ಎಷ್ಟೋ ಸಲ ಹೆಚ್ಚು ಕಾಡುತ್ತದೆ, ಮತ್ತು ನಿದ್ದೆಮಾತ್ರೆ ಅದರ ಹತ್ತಿರಕ್ಕೂ ಸುಳಿಯದು. ಮೂರನೆಯದು ಇಎಂಡಿಆರ್. ಕಣ್ಣಿನ ಚಲನೆಯೊಂದಿಗೆ ನೆನಪನ್ನು ಸಂಸ್ಕರಿಸುವ ಈ ವಿಧಾನವನ್ನು 1980ರ ದಶಕದ ಕೊನೆಯಲ್ಲಿ ಫ್ರಾನ್ಸಿನ್ ಶಪಿರೋ ಆರಂಭಿಸಿದರು. ಮೂರರಲ್ಲಿ ಯಾವುದು ಎಂಬ ಚರ್ಚೆಗಿಂತ, ಹಿಡಿದ ಒಂದನ್ನು ತರಬೇತಿ ಇರುವವರಿಂದ ಪೂರ್ತಿ ಮಾಡಿಸುವುದು ಮುಖ್ಯ.

ಭಾಷೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕರಾವಳಿಯ ಸೈನಿಕರು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಕುಂದಾಪುರದ ಕನ್ನಡವನ್ನೋ ಆಡುತ್ತಾರೆ. ಯುದ್ಧದ ನೆನಪುಗಳಿಗೆ ಮಾತ್ರ ಹಿಂದಿಯ ದನಿ ಇರುತ್ತದೆ. ಚಿಕಿತ್ಸಕರಿಗೆ ಮನೆಮಾತು ಗೊತ್ತಿದ್ದು, ಹಿಂದಿ ಬಂದಾಗ ಅದಕ್ಕೂ ತಡೆಯಿಲ್ಲದಿದ್ದರೆ ಕೆಲಸ ಸಲೀಸು.

ಔಷಧಕ್ಕೂ ಸ್ಥಾನವಿದೆ. ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್, ವೆನ್ಲಾಫಾಕ್ಸಿನ್ ಇವು ಮೂರಕ್ಕೂ ಆಧಾರವಿದೆ. ಮನೋಚಿಕಿತ್ಸೆ ಸಿಗದಿದ್ದಾಗ, ರೋಗಿಗೆ ಅದು ಬೇಡವಾದಾಗ, ಅಥವಾ ಖಿನ್ನತೆ ಜೊತೆಗಿದ್ದಾಗ ಕೊಡುತ್ತಾರೆ. ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು, ಸರಿಯಾದ ಪ್ರಮಾಣದಲ್ಲಿ ಎರಡು ಮೂರು ತಿಂಗಳು ನೋಡದೆ ‘ಹಿಡಿಯಲಿಲ್ಲ’ ಎನ್ನುವಂತಿಲ್ಲ. ಈ ಮಾತ್ರೆಗಳು ನಿದ್ದೆಮಾತ್ರೆಗಳಂತೆ ಚಟವಾಗುವುದಿಲ್ಲ, ಆದರೂ ಇವನ್ನೂ ಥಟ್ಟನೆ ಬಿಡಬಾರದು. ತಂದೆಯವರು ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮನೋವೈದ್ಯರಿಗೆ ತಿಳಿಸಿ. ದುಃಸ್ವಪ್ನಕ್ಕೆ ಪ್ರಾಜೋಸಿನ್ ಎಂಬ ಔಷಧವನ್ನು ಕೆಲವರು ಬರೆಯುತ್ತಾರೆ. 304 ಮಾಜಿ ಸೈನಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ, ಆದರೂ ಕೆಲವರಿಗೆ ಅನುಕೂಲವಾಗುವುದರಿಂದ ಪ್ರಯತ್ನಿಸುವುದು ತಪ್ಪಲ್ಲ.

ಮದ್ಯದ ಬಗ್ಗೆ ನೀವು ಒಂದೇ ವಾಕ್ಯ ಬರೆದಿದ್ದೀರಿ. ಇಡೀ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಅದೇ. ನೆನಪನ್ನು ಮಂಕಾಗಿಸಲು ಕುಡಿತ, ಕುಡಿತದಿಂದ ಹಾಳಾದ ನಿದ್ದೆ, ನಿದ್ದೆ ಹಾಳಾದಷ್ಟೂ ಹರಿತವಾಗುವ ನೆನಪು, ಇದು ಸುತ್ತುತ್ತಲೇ ಇರುತ್ತದೆ. ‘ಮೊದಲು ಕುಡಿತ ಬಿಡಲಿ, ಆಮೇಲೆ ಮನಸ್ಸಿನ ಚಿಕಿತ್ಸೆ’ ಎಂದು ಹಿಂದೆ ಕಳುಹಿಸುವ ಪದ್ಧತಿ ಇನ್ನೂ ಕೆಲವು ಕಡೆ ಇದೆ. ಅದು ಹಳೆಯದು; ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ನಡೆಯಬೇಕು. ಆದರೆ ದಿನವೂ ಕುಡಿಯುವವರು ಮನೆಯಲ್ಲಿ ಹಠಾತ್ತನೆ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ನಡುಕ, ಸೆಳೆತ, ಇಲ್ಲದ್ದನ್ನು ಕಾಣುವ ಸನ್ನಿ ಬಂದು ಜೀವಕ್ಕೇ ಅಪಾಯವಾಗಬಹುದು. ಹರಕೆ ಹೊತ್ತು ಒಂದೇ ದಿನದಲ್ಲಿ ಬಿಟ್ಟವರಲ್ಲಿ ಹೀಗಾಗುವುದನ್ನು ನಮ್ಮ ಊರುಗಳಲ್ಲಿ ಕಾಣುತ್ತೇವೆ. ಬಿಡುವುದಾದರೆ ಆಸ್ಪತ್ರೆಯಲ್ಲಿ, ಥಯಾಮಿನ್ (ಬಿ1 ಜೀವಸತ್ವ) ಮತ್ತು ಸೂಕ್ತ ಔಷಧಗಳೊಂದಿಗೆ ಬಿಡಿಸಬೇಕು. ತಾಯಿಯವರು ಇಡಿಸಿದ ಪ್ರಶ್ನೆ, ಮಾಡಿಸಿದ ಪರಿಹಾರಗಳ ಬಗ್ಗೆ ನನಗೆ ತಕರಾರಿಲ್ಲ; ಚಿಕಿತ್ಸೆಯನ್ನು ಮುಂದೂಡಲು ಅದು ಕಾರಣವಾಗದಿದ್ದರೆ ಆಯಿತು.

ಹೊರದೇಶದಲ್ಲಿ ಎಲ್ಲ ಸರಿಯಿದೆ ಎಂಬ ಭ್ರಮೆ ಬೇಡ ಎಂದು ಕೆಲವು ಅಂಕಿಗಳನ್ನು ಕೊಡುತ್ತೇನೆ. ರ‍್ಯಾಂಡ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆಯು 2008ರಲ್ಲಿ ಇರಾಕ್, ಅಫ್ಘಾನಿಸ್ತಾನಗಳಿಂದ ಮರಳಿದ ಅಮೆರಿಕದ ಯೋಧರನ್ನು ಅಧ್ಯಯನ ಮಾಡಿದಾಗ, ಪಿಟಿಎಸ್‌ಡಿ ಅಥವಾ ಖಿನ್ನತೆ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಹೋದವರಲ್ಲೂ ಸುಮಾರು ಅರ್ಧ ಜನರಿಗಷ್ಟೇ ಕನಿಷ್ಠ ಮಟ್ಟದ ಸಮರ್ಪಕ ಚಿಕಿತ್ಸೆ ಸಿಕ್ಕಿತ್ತು. 2015ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಮೇಲಿನ ಮೊದಲೆರಡು ಮನೋಚಿಕಿತ್ಸೆಗಳನ್ನು ಪಡೆದ ಸೈನಿಕರಲ್ಲಿ ಶೇ 49ರಿಂದ 70ರಷ್ಟು ಮಂದಿಗೆ ಗಮನಾರ್ಹ ಸುಧಾರಣೆಯಾಯಿತು, ಆದರೂ ಮೂರನೆಯ ಎರಡು ಭಾಗದಷ್ಟು ಜನರಲ್ಲಿ ಚಿಕಿತ್ಸೆಯ ಕೊನೆಗೂ ಕಾಯಿಲೆಯ ಗುರುತುಗಳು ಉಳಿದಿದ್ದವು. 916 ಮಾಜಿ ಸೈನಿಕರಲ್ಲಿ ಈ ಎರಡನ್ನೂ ಹೋಲಿಸಿದ, 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ನಡುವೆಯೇ ಬಿಟ್ಟುಹೋದರು. ಇದರಿಂದ ನಿರಾಶರಾಗಬೇಕಿಲ್ಲ. ಪೂರ್ಣ ಗುಣ ಎಂಬ ಭರವಸೆ ಕೊಡುವವರನ್ನು ನಂಬಬೇಡಿ; ನಾಲ್ಕು ಗಂಟೆ ಸತತ ನಿದ್ದೆ, ಕಡಿಮೆಯಾದ ಕುಡಿತ, ಮೊಮ್ಮಕ್ಕಳ ಜೊತೆ ಪೇಟೆಗೆ ಹೋಗುವ ಧೈರ್ಯ ಇವನ್ನು ಗುರಿಯಾಗಿಟ್ಟುಕೊಳ್ಳಬಹುದು. ಮೂರನೆಯ ನಾಲ್ಕನೆಯ ಬೈಠಕ್‌ನ ಹೊತ್ತಿಗೆ ಕನಸುಗಳು ಹೆಚ್ಚಾದಂತೆ ಅನಿಸಿ ‘ಇದೇ ಬೇಡ’ ಎಂದು ಅವರು ಹೇಳಬಹುದು. ಬಿಟ್ಟುಬಿಡುವ ಮುನ್ನ ಅದನ್ನು ಚಿಕಿತ್ಸಕರಿಗೆ ಹೇಳುವಂತೆ ಮಾಡುವುದು ನಿಮ್ಮ ಕೆಲಸ.

ಈಗ ಎಲ್ಲಿ ಎಂಬ ಪ್ರಶ್ನೆ. ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ ಎಂದು 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ತೋರಿಸಿದೆ. ವೈದ್ಯಕೀಯ ಕಾಲೇಜುಗಳು ಇಷ್ಟೊಂದಿರುವ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳು ಆ ಲೆಕ್ಕದಲ್ಲಿ ಪುಣ್ಯವಂತ ಜಿಲ್ಲೆಗಳು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಮಂಗಳೂರಿನಲ್ಲಿ ಕಂಕನಾಡಿಯ ಫಾದರ್ ಮುಲ್ಲರ್ ಮತ್ತು ಸರ್ಕಾರಿ ವೆನ್‌ಲಾಕ್ ಆಸ್ಪತ್ರೆ ಇವುಗಳಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ; ಉಡುಪಿಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಮಾನಸಿಕ ಕಾಯಿಲೆ ಮತ್ತು ಮದ್ಯವ್ಯಸನದ ಚಿಕಿತ್ಸೆಗೆ ಹೆಸರಾಗಿದೆ. ಇಲ್ಲಿ ಹಾಸಿಗೆ, ವೈದ್ಯರು, ಮಾತ್ರೆ ಯಾವುದಕ್ಕೂ ಅಂಥ ಕೊರತೆಯಿಲ್ಲ. ಕೊರತೆ ಇರುವುದು ಒಬ್ಬ ರೋಗಿಗೆ ವಾರಕ್ಕೊಮ್ಮೆ ಒಂದೂವರೆ ಗಂಟೆ ಕೊಡಬಲ್ಲ, ಆಘಾತ ಚಿಕಿತ್ಸೆಯಲ್ಲಿ ತರಬೇತಾದ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ. ಅದಕ್ಕಾಗಿ ಅದನ್ನು ಹೆಸರಿಟ್ಟು ಕೇಳಬೇಕು. ‘ಕೌನ್ಸೆಲಿಂಗ್ ಇದೆ’ ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ಈ ಮೂರರಲ್ಲಿ ಯಾವುದನ್ನು ಮಾಡುತ್ತೀರಿ, ಎಷ್ಟು ಬೈಠಕ್, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಮರ್ಯಾದೆಯಿಂದಲೇ ವಿಚಾರಿಸಿ. ಬಲ್ಲವರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ.

ಇದೇ ಕಾರಣಕ್ಕೆ ಬೆಂಗಳೂರು ನನ್ನ ಮೊದಲ ಸಲಹೆಯಲ್ಲ. ನಿಮ್ಹಾನ್ಸ್‌ನಲ್ಲಿ ಒಂದು ಸಲ ವಿವರವಾದ ತಪಾಸಣೆ ಮಾಡಿಸಿ ಎರಡನೆಯ ಅಭಿಪ್ರಾಯ ಪಡೆಯುವುದು ಒಳ್ಳೆಯದೇ. ಆದರೆ ವಾರ ವಾರವೂ ಘಾಟಿ ಹತ್ತಿ ಇಳಿದು ಹನ್ನೆರಡು ಬೈಠಕ್ ಮುಗಿಸುವ ರೋಗಿ ಸಿಗುವುದು ಕಷ್ಟ. ವಿಡಿಯೊ ಮೂಲಕ ಕೊಟ್ಟ ಈ ಚಿಕಿತ್ಸೆಗಳು ಎದುರು ಕುಳಿತು ಕೊಟ್ಟಷ್ಟೇ ಫಲ ಕೊಟ್ಟಿವೆ ಎಂದು ಅಧ್ಯಯನಗಳು ತೋರಿಸಿರುವುದರಿಂದ, ತಜ್ಞರು ದೂರದಲ್ಲಿದ್ದರೆ ಆ ದಾರಿಯೂ ಇದೆ, ಮಳೆಗಾಲದಲ್ಲಿ ನಿಮ್ಮ ಕಡೆಯ ನೆಟ್‌ವರ್ಕ್ ಕೈಕೊಡದಿದ್ದರೆ.

ಖರ್ಚಿನ ಮಟ್ಟಿಗೆ, 2003ರಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ಸೇ ನಿಮ್ಮ ದಾರಿ. ಮಂಗಳೂರಿನ ಪಾಲಿಕ್ಲಿನಿಕ್‌ನಲ್ಲಿ ವೈದ್ಯಾಧಿಕಾರಿಯನ್ನು ಕಂಡು, ಮನೋವೈದ್ಯರಿಗೆ ರೆಫರಲ್ ಪಡೆಯಿರಿ. ಯಾವ ಆಸ್ಪತ್ರೆಗಳು ಈಗ ಯೋಜನೆಯ ಪಟ್ಟಿಯಲ್ಲಿವೆ, ಅಲ್ಲಿ ಮನೋವೈದ್ಯಕೀಯ ಸೇವೆಗೆ ಮಾನ್ಯತೆ ಇದೆಯೇ ಎಂದು ಅಲ್ಲೇ ಕೇಳಿ, ಏಕೆಂದರೆ ಪಟ್ಟಿ ಬದಲಾಗುತ್ತಿರುತ್ತದೆ. ನಿದ್ರಾಹೀನತೆ ಎಂದಷ್ಟೇ ಬರೆಸಬೇಡಿ, ಯುದ್ಧಸೇವೆಯ ಹಿನ್ನೆಲೆ ರೆಫರಲ್‌ನಲ್ಲಿ ಬರಲಿ. ತುರ್ತು ಸ್ಥಿತಿಯಲ್ಲಿ ರೆಫರಲ್‌ಗೆ ಕಾಯದೆ ದಾಖಲಿಸಿ, 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಮಧ್ಯರಾತ್ರಿ ಯಾರ ಜೊತೆಯಾದರೂ ಮಾತಾಡಬೇಕೆನಿಸಿದರೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಸಶಸ್ತ್ರ ಪಡೆಗಳಿಗಾಗಿಯೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್‌ನಲ್ಲಿ ಇದರ ವಿಶೇಷ ಘಟಕ ಆರಂಭವಾಗಿದೆ.

‘ನನಗೇನು ಹುಚ್ಚೇ?’ ಎಂಬ ಮಾತಿನ ಹಿಂದೆ ನಾಚಿಕೆಯಷ್ಟೇ ಅಲ್ಲದೆ ಹಳೆಯ ಲೆಕ್ಕಾಚಾರವೂ ಇರುತ್ತದೆ. ಸೇವೆಯಲ್ಲಿದ್ದಾಗ ವೈದ್ಯಕೀಯ ದರ್ಜೆಯಲ್ಲಿ ಮನಸ್ಸಿಗೂ ಒಂದು ಅಂಕಣವಿರುತ್ತದೆ. ಅದು ಕೆಳಗಿಳಿದರೆ ಬಡ್ತಿ, ನೇಮಕ ಎಲ್ಲಕ್ಕೂ ತೊಡಕು. ಆ ಕಾರಣಕ್ಕೆ ಬಾಯಿ ಮುಚ್ಚಿಕೊಂಡಿದ್ದ ಅಭ್ಯಾಸ ನಿವೃತ್ತಿಯ ಮೇಲೂ ಉಳಿಯುತ್ತದೆ. ಮನೋವೈದ್ಯರನ್ನು ಕಂಡರೆಂದು ಪಿಂಚಣಿ ಕಡಿತವಾಗುವುದಿಲ್ಲ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಅವರ ವಿವರಗಳನ್ನು ಗೋಪ್ಯವಾಗಿಡುವುದು ಆಸ್ಪತ್ರೆಯ ಕರ್ತವ್ಯ ಎಂಬ ಎರಡು ಮಾತನ್ನು ನೀವು ಹೇಳುವುದಕ್ಕಿಂತ ಅವರ ಜೊತೆ ಸೇವೆ ಮಾಡಿದ ಒಬ್ಬರು ಹೇಳಿದರೆ ಹೆಚ್ಚು ತೂಕ. ಊರಿನ ಮಾಜಿ ಸೈನಿಕರ ಸಂಘದಲ್ಲಿ ಅಂಥವರೊಬ್ಬರು ಸಿಗಬಹುದು. ಮೊದಲ ಭೇಟಿಗೆ ‘ನಿದ್ದೆಗಾಗಿ’ ಎಂದೇ ಕರೆದುಕೊಂಡು ಹೋಗಿ, ಅದರಲ್ಲಿ ಸುಳ್ಳೇನಿಲ್ಲ.

ಮನೆಯಲ್ಲಿ ತೋಟದ ಕೋವಿ ಇದೆಯೇ? ಹಂದಿ, ಮಂಗಗಳ ಕಾಟಕ್ಕೆಂದು ನಮ್ಮ ಕಡೆ ಪರವಾನಗಿ ಕೋವಿ ಇಟ್ಟುಕೊಳ್ಳುವುದು ವಾಡಿಕೆ. ಇದ್ದರೆ, ಚುನಾವಣೆಯ ಸಮಯದಲ್ಲಿ ಠಾಣೆಗೆ ಒಪ್ಪಿಸುವಂತೆ, ಚಿಕಿತ್ಸೆ ಒಂದು ಹಂತಕ್ಕೆ ಬರುವವರೆಗೆ ಮನೆಯಿಂದ ಹೊರಗಿಡುವುದು ಹೇಗೆಂದು ಠಾಣೆಯಲ್ಲೇ ವಿಚಾರಿಸಿ. ಕೀಟನಾಶಕದ ಡಬ್ಬಿ, ಕೂಡಿಟ್ಟ ಮಾತ್ರೆಗಳೂ ಕೈಗೆ ಸಿಗದಂತಿರಲಿ. ಸಾಯುವ ಯೋಚನೆ ಬರುತ್ತದೆಯೇ ಎಂದು ಅವರನ್ನು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಕೊನೆಯದಾಗಿ ನಿಮ್ಮ ತಾಯಿಯವರ ವಿಷಯ. ಇಷ್ಟು ವರ್ಷ ಅದೇ ಕೋಣೆಯಲ್ಲಿ ಮಲಗಿದವರು ಅವರು. ಅವರ ನಿದ್ದೆ, ರಕ್ತದೊತ್ತಡ, ಮನಸ್ಸು ಹೇಗಿವೆ ಎಂದು ನೀವು ಬರೆದಿಲ್ಲ. ಪತ್ನಿಯಾಗಿ ಅವರೂ ಇಸಿಎಚ್‌ಎಸ್ ಫಲಾನುಭವಿ. ತಂದೆಯವರು ಒಪ್ಪುವ ತನಕ ಕಾಯದೆ ಮುಂದಿನ ವಾರವೇ ತಾಯಿಯವರನ್ನು ಪಾಲಿಕ್ಲಿನಿಕ್‌ಗೆ ಕರೆದುಕೊಂಡು ಹೋಗಬಹುದು.